ಸುಣ್ಣ ಬಳಿಯದ ಯುಗಾದಿ

೧೨ ಫೆಬ್ರವರಿ ೨೦೨೫, ಬುಧವಾರ

ಹಾಲಿನ ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಪುಸ್ತಕ ಇಷ್ಟು ದಿನ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಇವತ್ತು ತೆಗೆದೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ. ಹೇಳಿಕೊಳ್ಳೋಣ ಅಂದರೆ ಈ ಮನೆಯಲ್ಲಿ ನನ್ನ ಮಾತಿಗೆ ಕಿವಿ ಕೊಡುವುದು ಎಮ್ಮೆ ಮಾತ್ರ.

ಮುದುಕಿ ಕೊಟ್ಟಿಗೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಕಡೂರಿನಲ್ಲಿ ಆಪರೇಷನ್ ಮಾಡಿಸಿ, ರಾಡು ಹಾಕಿಸಿ ಕರೆತಂದಿದ್ದಾಯಿತು. ಈಗ ಮಲಗಿದಲ್ಲೇ ಎಲ್ಲ. ಊಟ ಕೊಡಲು ನಾನು, ಮೈ ಒರೆಸಲು ನಾನು, ಬೈಸಿಕೊಳ್ಳಲೂ ನಾನೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಯಾವಾಗ ಶುರುವಾಗುತ್ತದೆಂದು ಆ ಗಾದೆ ಮಾಡಿದವರನ್ನು ಕೇಳಬೇಕು.

ಬೆಳಗ್ಗೆ ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗೆ ಏನೋ ಒರಟಾಗಿ ತಗುಲಿತು. ನೋಡಿದರೆ ತೆಂಗಿನ ನಾರಿನ ಕುಂಚ. ಕಂಬಕ್ಕೆ ಸುಣ್ಣ ಬಳಿಯುವ ಕುಂಚ! ಆಸ್ಪತ್ರೆಯಿಂದ ಬಂದವಳೇ ಮಗನ ಕೈಲಿ ಅಟ್ಟದಿಂದ ಇಳಿಸಿಕೊಂಡಿದ್ದಾಳೆ.

“ಮುಟ್ಬ್ಯಾಡ ಕಣೇ ಅದ್ನ,” ಅಂದಳು.

“ನೀವು ಈ ಸಲ ಗುಡ್ಡ ಹತ್ತೋಕಾಗುತ್ತಾ?” ಅಂತ ಕೇಳಿದೆ.

“ಹತ್ತೋದು ಬಿಡೋದು ನನ್ನಿಷ್ಟ. ನೀನು ಗಂಜಿ ತಗಂಬಾ.”

ಗಂಜಿಗೆ ಉಪ್ಪು ಹಾಕದೆ ಕೊಟ್ಟೆ.

೧೬ ಫೆಬ್ರವರಿ, ಭಾನುವಾರ

ನಮ್ಮ ಊರಿನ ಗುಡ್ಡದ ನೆತ್ತಿಯಲ್ಲಿ ಒಂದು ಕಲ್ಲಿನ ಕಂಬವಿದೆ. ಆಳೆತ್ತರ, ಬುಡ ದಪ್ಪ. ಬ್ರಿಟಿಷರ ಕಾಲದಲ್ಲಿ ದೇಶ ಅಳೆಯಲು ಬಂದ ಸರ್ವೆಯವರು ಕಟ್ಟಿಸಿದ್ದು. ಅಂಥದ್ದೇ ಇನ್ನೊಂದು ನನ್ನ ತವರು ಸಿದ್ದನಕಟ್ಟೆಯ ಗುಡ್ಡದ ಮೇಲಿದೆ, ಬುಕ್ಕಾಂಬುಧಿ ಕಡೆಗೆ. ಇಲ್ಲಿ ನಿಂತರೆ ಅದು, ಅಲ್ಲಿ ನಿಂತರೆ ಇದು ಕಾಣಬೇಕು, ಹಾಗೆ ನೋಡಿ ಕಟ್ಟಿದ್ದಾರೆ. ದೂರಕ್ಕೆ ಕಾಣಲೆಂದು ಎರಡಕ್ಕೂ ಸುಣ್ಣ ಬಳಿಸುತ್ತಿದ್ದರಂತೆ, ಊರ ಹೆಂಗಸರಿಗೆ ಕೂಲಿ ಕೊಟ್ಟು. ದೊರೆಗಳು ಹೋದರು, ಕೂಲಿ ನಿಂತಿತು. ಹೆಂಗಸರು ಬಳಿಯುವುದು ನಿಲ್ಲಿಸಲಿಲ್ಲ.

ಯಾಕೆಂದರೆ ಸಿದ್ದನಕಟ್ಟೆಯ ಹೆಣ್ಣುಗಳನ್ನು ಈ ಊರಿಗೆ ಕೊಡುತ್ತಾರೆ, ಇಲ್ಲಿಯವನ್ನು ಅಲ್ಲಿಗೆ. ಯುಗಾದಿಗೆ ಮುಂಚೆ ಅಲ್ಲಿಂದ ಬಂದ ಸೊಸೆ ಇಲ್ಲಿಯ ಕಂಬಕ್ಕೆ ಸುಣ್ಣ ಬಳಿಯಬೇಕು. ಹಬ್ಬದ ಸಂಜೆ ಸೂರ್ಯ ಇಳಿಯುವಾಗ ಬಿಸಿಲು ನೇರ ಕಂಬಕ್ಕೆ ಬೀಳುತ್ತದೆ. ಅಲ್ಲಿ ಚಂದ್ರನನ್ನು ನೋಡಲು ಗುಡ್ಡ ಹತ್ತಿದವರು ಮೊದಲು ಇತ್ತ ತಿರುಗಿ ಇದನ್ನು ನೋಡುತ್ತಾರೆ. ಬೆಳ್ಳಗಿದ್ದರೆ ನಮ್ಮ ಹೆಣ್ಣು ಚೆನ್ನಾಗಿದ್ದಾಳೆ. ಬೆಳ್ಳಗಿಲ್ಲದಿದ್ದರೆ ತವರಿನವರು ಬಂದು ಯಾಕೆ ಅಂತ ಕೇಳಬೇಕು. ಕೇಳಲು ಬಂದವರಿಗೆ ಗಂಡನ ಮನೆಯ ಹಿರಿಯ ಕಾಲಿಗೆ ನೀರು ಕೊಟ್ಟು ಉತ್ತರ ಹೇಳಬೇಕು.

ಈಗ ಫೋನಿದೆ, ಇದೆಲ್ಲ ಯಾಕೆ ಅಂತ ನಮ್ಮ ಮನೆಯವರು ನಗುತ್ತಾರೆ. ಫೋನಿನಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ ಕಣ್ರೀ ಅಂತ ಹೇಳಿದೆ. ಅರ್ಥವಾಗಲಿಲ್ಲ.

ಹೊಸ ಸೊಸೆ ಬಂದ ವರ್ಷ ಹಳಬಳು ಅವಳಿಗೆ ಕುಂಚ ಕೊಡುವುದು ಪದ್ಧತಿ. ನಾನು ಬಂದು ಇಪ್ಪತ್ತು ವರ್ಷ ದಾಟಿತು. ನನ್ನ ಅತ್ತೆ ಉಚ್ಚಂಗಮ್ಮನೂ ಸಿದ್ದನಕಟ್ಟೆಯವಳೇ. ಒಂದೇ ಊರಿನವಳು, ಮುದ್ದು ಮಾಡುತ್ತಾಳೆಂದು ನನ್ನನ್ನು ಇಲ್ಲಿಗೆ ಕೊಟ್ಟರು! ಅವಳಿಗೆ ಅಲ್ಲಿ ಯಾರೂ ಇಲ್ಲ. ಅಣ್ಣತಮ್ಮಂದಿರಿಲ್ಲ, ಮನೆಯೂ ಬಿದ್ದು ಹಾಳಾಗಿದೆ. ಆದರೂ ಪ್ರತಿ ವರ್ಷ ತಾನೇ ಹತ್ತಿ ತಾನೇ ಬಳಿದು ಬರುತ್ತಾಳೆ. ನನ್ನ ಹೆಸರಿನ ಸುಣ್ಣ ಒಂದು ಸಲವೂ ನನ್ನವರಿಗೆ ಕಂಡಿಲ್ಲ. ತವರಿಗೆ ಹೋದಾಗಲೆಲ್ಲ ಇದನ್ನು ಹೇಳಿಕೊಂಡು ಅತ್ತಿದ್ದೇನೆ.

೨೭ ಫೆಬ್ರವರಿ, ಗುರುವಾರ

ಶಿವರಾತ್ರಿಯ ಉಪವಾಸ ಮುಗಿಸಿ ಉಣ್ಣಲು ಕೂತಿದ್ದೆವು. ಗಂಗಾಧರಯ್ಯ ಬಂದರು. ನಮ್ಮ ಮಾವನ ತಮ್ಮ, ಈ ಮನೆತನಕ್ಕೆ ಈಗ ಅವರೇ ಹಿರಿಯರು. ಗುಡ್ಡದ ಸಾಲಿನ ಮೇಲೆ ಗಾಳಿಫ್ಯಾನು ನಿಲ್ಲಿಸುವ ಕಂಪನಿಗೆ ರಸ್ತೆ ಮಾಡಿಕೊಡುವ ಕೆಲಸ ಅವರಿಗೆ ಸಿಕ್ಕಿದೆ. ಅಂದಿನಿಂದ ಜೇಬಿನಲ್ಲಿ ಎರಡು ಪೆನ್ನು.

“ನೆತ್ತಿ ಮಟ್ಟ ಮಾಡ್ಬೇಕು ಕಣಪ್ಪ ಈರಣ್ಣ. ಕ್ರೇನು ನಿಲ್ಲೋಕೆ ಜಾಗ ಬೇಕಂತೆ. ಆ ಕಂಬ ಒಂದು ಅಡ್ಡ ಐತೆ.”

ನಮ್ಮ ಮನೆಯವರು ಅನ್ನ ಕಲಸುತ್ತಲೇ ಇದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನೇ ಕೇಳಿದೆ.

“ಅದು ಸರ್ಕಾರದ್ದಲ್ವಾ ಚಿಕ್ಮಾವ? ಹೆಂಗೆ ಕೀಳ್ತೀರಿ?”

“ಕಟ್ಟಿದೋರೇ ಊರು ಬಿಟ್ಟು ಹೋದ್ರು ಕಣಮ್ಮ. ಈಗೆಲ್ಲ ಸ್ಯಾಟಲೈಟು. ಮೇಲಿಂದ್ಲೇ ನೋಡ್ತದೆ.”

“ಮೇಲಿಂದ ನೋಡೋದು ಕೆಳಗಿಳಿದು ಬಂದು ನಮ್ಮ ಹೆಣ್ಣು ಹೆಂಗಿದಾಳೆ ಅಂತ ಕೇಳುತ್ತಾ?”

ಅವರಿಗೆ ಕೋಪ ಬಂತು. ಹೆಂಗಸರ ಆಟಕ್ಕೆ ಊರಿನ ಅಭಿವೃದ್ಧಿ ನಿಲ್ಲಿಸಬೇಕಾ ಅಂತ ಇವರನ್ನು ನೋಡಿ ಹೇಳಿದರು, ನನ್ನನ್ನು ನೋಡಿ ಅಲ್ಲ. ಫ್ಯಾನು ಬರಲಿ, ನನ್ನದೇನೂ ತಕರಾರಿಲ್ಲ. ಕಂಬ ಬಿಟ್ಟು ಆಚೆ ನಿಲ್ಲಿಸಿ ಅಂದೆ. ಅಷ್ಟರಲ್ಲಿ ಒಳಗಿನ ಮಂಚದಿಂದ ಧ್ವನಿ ಬಂತು.

“ಗಂಗಾಧರ, ಕಂಬ ಮುಟ್ಟಿದ್ರೆ ನಿನ್ನ ಕೈ ಸೇದೋಗ್ಲಿ!”

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನೂ ಅವಳೂ ಒಂದೇ ಕಡೆ ಮಾತಾಡಿದೆವು. ನನಗೇ ಇರಿಸುಮುರಿಸಾಯಿತು.

೫ ಮಾರ್ಚ್, ಬುಧವಾರ

ಅತ್ತೆ ಗೋಡೆ ಹಿಡಿದು ಕೂರುತ್ತಾಳೆ. ಬೆಳಗಿನಿಂದ ಒಂದೇ ರಾಗ: ಸುಣ್ಣದ ಕಲ್ಲು ತರಿಸು, ಅಂಗಡಿಯ ಪುಡಿ ಬೇಡ, ಕಲ್ಲೇ ಬೇಕು. ನೀರು ಹೊಯ್ದು ಒಂದು ದಿನ ಬಿಡು, ಬಾಳಿಕೆ ಬರಲು ಉಪ್ಪು ಹಾಕು.

ಬಳಿಯೋರ್ಯಾರು ಅಂತ ಕೇಳಿದೆ.  ಕುಂಚ ಇನ್ನೂ ದಿಂಬಿನ ಕೆಳಗೇ ಇದೆ.

ಕಲ್ಲು ತರಿಸಿದ್ದೇನೆ. ಅವಳಿಗೋಸ್ಕರವಲ್ಲ, ಗಂಗಾಧರಯ್ಯನ ಹೊಟ್ಟೆ ಉರಿಯಲಿ ಅಂತ.

೧೩ ಮಾರ್ಚ್, ಗುರುವಾರ

ಸೊಂಟದ ಎಕ್ಸ್‌ರೇ ತೆಗೆಸಲು ಅತ್ತೆಯನ್ನು ಕಾರಿನಲ್ಲಿ ಕಡೂರಿಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಚೆನ್ನಾಗಿ ಕೂಡುತ್ತಿದೆ ಅಂದರು. ಮೂವರೂ ಖುಷಿಯಾಗಿ ದೋಸೆ ತಿಂದೆವು. ಬರುವಾಗ ಚೌಳಹಿರಿಯೂರು ದಾಟಿ ನಮ್ಮ ಗುಡ್ಡ ಕಾಣುವ ತಿರುವಿಗೆ ಬಂದಾಗ ಅತ್ತೆ ಕಿಟಕಿಗೆ ಮುಖ ಹಚ್ಚಿದಳು.

“ಮೀನಾಕ್ಷಿ, ಕಂಬ ಎಲ್ಲೇ?”

ನನಗೂ ಕಾಣಲಿಲ್ಲ. ನೆತ್ತಿ ಬೋಳಾಗಿತ್ತು, ಪಕ್ಕದಲ್ಲಿ ಹಳದಿ ಜೆಸಿಬಿ. ನಾವು ಊರಲ್ಲಿಲ್ಲದ ದಿನ ನೋಡಿ ಕೆಡವಿದ್ದಾರೆ. ಅತ್ತೆ ಬೈಯಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬರುವವರೆಗೂ ನನ್ನ ಸೆರಗು ಹಿಡಿದುಕೊಂಡೇ ಇದ್ದಳು.

ಕಾರು ನಿಂತ ತಕ್ಷಣ ಗಂಗಾಧರಯ್ಯನ ಜಗಲಿಗೆ ಹೋಗಿ ಊರಿಗೆಲ್ಲ ಕೇಳುವ ಹಾಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಬಾಗಿಲು ಹಾಕಿಕೊಂಡರು. ಗಂಡಸು!

೧೪ ಮಾರ್ಚ್, ಶುಕ್ರವಾರ

ಬೆಳಗ್ಗೆ ಪಕ್ಕದ ಮನೆಯ ಈರಕ್ಕನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಕಂಬದ ಕಲ್ಲುಗಳನ್ನು ಒಂದು ಬದಿಗೆ ದೂಡಿದ್ದಾರೆ. ಪ್ರತಿ ಕಲ್ಲಿನ ಹೊರಮೈಯಲ್ಲಿ ಸುಣ್ಣ ಪದರ ಪದರವಾಗಿ ಅಂಟಿದೆ. ಉಗುರಿನಿಂದ ಕೆರೆದರೆ ಒಂದರ ಕೆಳಗೆ ಒಂದು ಬಿಚ್ಚಿಕೊಳ್ಳುತ್ತದೆ. ಎಷ್ಟು ಹೆಂಗಸರ ಕೈ ಇದೆಯೋ ಇದರಲ್ಲಿ. ಕೂತು ಅತ್ತುಬಿಟ್ಟೆ.

“ಇಲ್ನೋಡೇ ಮೀನಾಕ್ಷಿ,” ಅಂದಳು ಈರಕ್ಕ.

ಕಂಬ ಇದ್ದ ಜಾಗದಲ್ಲಿ, ಅಡಿಯ ಬಂಡೆಯ ಮೇಲೆ, ಒಂದು ದುಂಡು ಗೆರೆ ಕೊರೆದಿದೆ, ನಡುವೆ ಒಂದು ಚುಕ್ಕಿ. ಸರ್ವೆಯವರ ಗುರುತು. ಜೆಸಿಬಿಯ ಹಲ್ಲು ಪಕ್ಕದಲ್ಲೆಲ್ಲ ಗೀರಿದೆ, ಅದಕ್ಕೆ ಏನೂ ಆಗಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಕುಂಕುಮ ಇಟ್ಟಂಗಿದೆಯಾ ಅಂತ ಕೇಳಿದಳು. ಹೌದು ಅಂದೆ. ಸ್ವಲ್ಪ ಗಂಜಿ ಕುಡಿದಳು.

೧೮ ಮಾರ್ಚ್, ಮಂಗಳವಾರ

ದಾರಿ ಹೊಳೆದಿದೆ. ನಾನು ಕಂಬ ಕಟ್ಟಿಸುವುದಿಲ್ಲ. ಆ ಕಲ್ಲುಗುಡ್ಡೆಗೂ ಸುಣ್ಣ ಬಳಿಯುವುದಿಲ್ಲ. ಯುಗಾದಿಯ ಸಂಜೆ ಸಿದ್ದನಕಟ್ಟೆಯವರು ಇತ್ತ ನೋಡಲಿ, ಬೆಳ್ಳಗಿರುವುದು ಏನೂ ಕಾಣದಿರಲಿ. ಬಂದು ಕೇಳಲಿ. ನಮ್ಮಣ್ಣ ರವಿಕುಮಾರ ಊರು ಕಟ್ಟಿಕೊಂಡು ಬರುತ್ತಾನೆ. ಆಗ ಮನೆತನದ ಹಿರಿಯ ಅಂತ ಗಂಗಾಧರಯ್ಯನೇ ಚೊಂಬು ಹಿಡಿದು ಅಂಗಳಕ್ಕೆ ಇಳಿಯಬೇಕು. ಫೋನು ಮಾಡಿ ಹೇಳುವುದಿಲ್ಲ. ಹೇಳಿದರೆ ಅದು ಬರಿ ದೂರು.

ಅತ್ತೆಗೆ ಹೇಳಿದೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಮುಖ ಕಪ್ಪಿಟ್ಟಿತು.

“ಬ್ಯಾಡ ಕಣೇ. ಆ ಕಲ್ಲಿಗೇ ಬಳ್ದು ಬಾ. ತಗಾ, ಕುಂಚ ತಗಾ.”

ಇಪ್ಪತ್ತು ವರ್ಷ ಕೊಡದಿದ್ದವಳು ನನ್ನ ಕೈಗೆ ತುರುಕುತ್ತಿದ್ದಾಳೆ! ಯಾಕೆ ಅಂತ ಕೇಳಿದೆ. ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು.

“ಬಳೀದೇ ಇದ್ದು, ಯಾರೂ ಬರ್ಲಿಲ್ಲ ಅಂದ್ರೆ?”

“ನಮ್ಮಣ್ಣ ಬತ್ತಾನೆ ಅತ್ತೆ.”

“ನಿಂಗೆ ಬತ್ತಾನೆ. ನಂಗ್ಯಾರು ಬತ್ತಾರೆ? ಬಳ್ದಿದ್ರೆ, ಬರೋ ಅಗತ್ಯ ಇಲ್ಲ ಅದ್ಕೇ ಬಂದಿಲ್ಲ ಅನ್ಕಬೋದು.”

ಅದಕ್ಕೇ ಇಷ್ಟು ವರ್ಷ ಕುಂಚ ಕೊಡಲಿಲ್ಲ. ಕೊಟ್ಟಿದ್ದರೆ ಆ ಸುಣ್ಣ ನನ್ನ ಹೆಸರಿನದಾಗುತ್ತಿತ್ತು. ಹಟಕ್ಕಲ್ಲ, ಯಜಮಾನಿಕೆಗಲ್ಲ. ನಾನು ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ, ಹಚ್ಚುತ್ತಲೇ ಇದ್ದೆ. ಆಮೇಲೆ, ನಾನು ಬಳಿಯುವುದಿಲ್ಲ ಅತ್ತೆ, ಏನಾಗುತ್ತೋ ನೋಡೇಬಿಡೋಣ ಅಂದೆ. ನೀನು ಮೊಂಡಿ ಅಂದರು. ನಿಮ್ಮೂರಿನವಳೇ ಅಂದೆ.

೨೬ ಮಾರ್ಚ್, ಬುಧವಾರ

ಗಂಗಾಧರಯ್ಯನಿಗೆ ಸುದ್ದಿ ಮುಟ್ಟಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಒಂದು ಉಪಾಯ ಹೂಡಿದ್ದಾರೆ. ಟಾರಿನ ಎರಡು ಖಾಲಿ ಡ್ರಮ್ಮಿಗೆ ಬಿಳಿ ಪೇಂಟ್ ಹೊಡೆಸಿ, ಒಂದರ ಮೇಲೊಂದು ನೆತ್ತಿಯ ಮೇಲೆ ನಿಲ್ಲಿಸಿದ್ದಾರೆ! ಅಷ್ಟು ದೂರಕ್ಕೆ ಡ್ರಮ್ಮೋ ಕಂಬವೋ ಯಾರಿಗೆ ಗೊತ್ತಾಗುತ್ತದೆ.

ಅದನ್ನು ನೋಡಿ ನನಗೆ ಸಿಟ್ಟೂ ಬಂತು, ನಗುವೂ ಬಂತು. ಹೆಂಗಸರ ಆಟ ಅಂದವರು ತಾವೇ ಆಡಲು ಬಂದರಲ್ಲ. ಹೆದರಿದ್ದಾರೆ. ನಾನು, ಈರಕ್ಕ, ಅವಳ ಓರಗಿತ್ತಿ ಮೂವರೂ ಹತ್ತಿ ಎರಡೂ ಡ್ರಮ್ಮನ್ನು ಒದ್ದು ಉರುಳಿಸಿದೆವು. ಡಮಡಮ ಅಂತ ಇಳಿಜಾರಿನಲ್ಲಿ ಹಾರಿಕೊಂಡು ಹೋಗಿ ಲಂಟಾನದ ಪೊದೆಗೆ ಬಿದ್ದವು. ಮೇಯುತ್ತಿದ್ದ ಮೇಕೆಗಳು ಚೆಲ್ಲಾಪಿಲ್ಲಿ.

ಸಂಜೆ ನಮ್ಮ ಮನೆಯವರು, “ಚಿಕ್ಕಪ್ಪನ ಎದುರಾಕ್ಕಂಡು ಊರಲ್ಲಿ ಬದುಕೋಕಾಗುತ್ತೇನೇ?” ಅಂದರು.

ಅತ್ತೆ ಒಳಗಿನಿಂದ, “ಬದುಕ್ತೀವಿ ಕಣೋ, ನೀನು ಉಣ್ಣು,” ಅಂದರು.

೩೦ ಮಾರ್ಚ್, ಭಾನುವಾರ, ಯುಗಾದಿ

ಬೇವು ಬೆಲ್ಲ ಆಯಿತು, ಹೋಳಿಗೆ ಆಯಿತು. ಅತ್ತೆಗೆ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಫೋನನ್ನು ಆಫ್ ಮಾಡಿ ರಾಗಿ ಡಬ್ಬದಲ್ಲಿ ಹೂತಿಟ್ಟೆ. ಇವರದನ್ನೂ ಕಿತ್ತುಕೊಂಡು ಅಲ್ಲೇ ಹಾಕಿದೆ. ಹಬ್ಬದ ದಿನ ಹೆಂಡತಿಯ ಜೊತೆ ಜಗಳ ಯಾಕೆಂದು ಸುಮ್ಮನಾದರು.

ಬಿಸಿಲು ಇಳಿಯುವಾಗ ನೆತ್ತಿಗೆ ಹೋಗಿ ಆ ಚುಕ್ಕಿಯ ಪಕ್ಕ ಕೂತೆ, ಯಾರಾದರೂ ಮತ್ತೆ ಏನಾದರೂ ಬೆಳ್ಳಗಿರುವುದನ್ನು ತಂದಿಟ್ಟಾರು ಅಂತ. ನಾನೂ ಹಸಿರು ಸೀರೆಯಲ್ಲೇ ಹೋಗಿದ್ದೆ. ಸೂರ್ಯ ಮುಳುಗಿದ ಮೇಲೆ ನನ್ನ ತವರಿನ ಗುಡ್ಡದ ಮೇಲೆಯೇ ಚಂದ್ರ ಕಂಡ, ಉಗುರಿನ ಚೂರಿನ ಹಾಗೆ. ಅಲ್ಲಿ ಎಲ್ಲರೂ ನಿಂತಿರುತ್ತಾರೆ. ಅಣ್ಣ ಇರುತ್ತಾನೆ. ಇತ್ತ ನೋಡಿರುತ್ತಾರೆ.

ಕೈ ಮುಗಿದೆ. ಚಂದ್ರನಿಗೋ ಅವರಿಗೋ ಗೊತ್ತಿಲ್ಲ.

೩೧ ಮಾರ್ಚ್, ಸೋಮವಾರ

ಯಾರೂ ಬರಲಿಲ್ಲ.

ಬೆಳಗ್ಗೆ ನೋಡಿದರೆ ಅವರ ಕಂಬ ಫಳಫಳ ಹೊಳೆಯುತ್ತಿದೆ. ಹಾಳಾಗಿ ಹೋಗಲಿ. ಬಸ್ಸಿನಲ್ಲಿ ಅಜ್ಜಂಪುರ ಸುತ್ತಿ ಬಂದರೂ ಮಧ್ಯಾಹ್ನದೊಳಗೆ ಮುಟ್ಟಬಹುದಿತ್ತು. ಗಂಗಾಧರಯ್ಯ ಎರಡು ಸಲ ನಮ್ಮ ಮನೆಯ ಮುಂದೆ ಸುಮ್ಮಸುಮ್ಮನೆ ಹಾದುಹೋದರು, ಎರಡನೆಯ ಸಲ ಹಾಡು ಗುನುಗುತ್ತಾ.

ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಏಳಿ, ಉಣ್ಣಿ ಅಂದರೆ ಹಸಿವಿಲ್ಲ ಅನ್ನುತ್ತಾರೆ. ಅವರು ಬೇಡ ಅಂದಿದ್ದರು, ನಾನು ಕೇಳಲಿಲ್ಲ. ನನ್ನ ಹಟಕ್ಕೆ ಅವರ ಒಂದು ಆಸರೆಯನ್ನೂ ಕಿತ್ತೆನೇನೋ. ನಾಳೆಯೂ ಬರದಿದ್ದರೆ ನಾನೇ ಸಿದ್ದನಕಟ್ಟೆಗೆ ಹೋಗಿ ಒಬ್ಬೊಬ್ಬರನ್ನೂ ಮನೆಯಿಂದ ಹೊರಗೆಳೆದು ಕೇಳುತ್ತೇನೆ.

೧ ಏಪ್ರಿಲ್, ಮಂಗಳವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಆದರೆ ಆಗಲಿ.

ಬೆಳಗಿನ ಹಾಲು ಕರೆದು ಸೊಸೈಟಿಗೆ ಹೊರಟಿದ್ದೆ. ಊರ ಬಾಗಿಲಿನಲ್ಲಿ ಟ್ರ್ಯಾಕ್ಟರ್ ಸದ್ದು. ಒಂದಲ್ಲ, ಸಾಲು. ಟ್ರೇಲರ್ ತುಂಬ ಜನ. ಗಂಡಸರು ಟವೆಲ್ ಹೊದ್ದು ಮೌನವಾಗಿ ನಿಂತಿದ್ದಾರೆ, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ. ಮುಂದಿನದರಲ್ಲಿ ನಮ್ಮಣ್ಣ. ನಾನು ಕ್ಯಾನು ಅಲ್ಲೇ ಬಿಟ್ಟು, ಅಣ್ಣಾ ಅಂತ ಓಡಿದೆ. ಬಂದೇಬಿಟ್ಟ ನನಗೋಸ್ಕರ ಅಂತ ಎದೆ ಉಬ್ಬಿತ್ತು.

ಅಣ್ಣ ಇಳಿದು ನನ್ನ ತಲೆಯ ಮೇಲೆ ಕೈ ಇಟ್ಟ.

“ಯಾವಾಗ ಹೋದ್ರಮ್ಮ?”

“ಯಾರು?”

“ನಿಮ್ಮತ್ತೆ.”

ಅಷ್ಟರಲ್ಲಿ ಭಾಗಜ್ಜಿ ಇಳಿದಳು. ಭಾಗಮ್ಮ, ನನ್ನ ಅತ್ತೆಯ ಓರಗೆಯವಳು. ಕಂಕುಳಲ್ಲಿ ಒಂದು ಹೊಸ ಸೀರೆ. ಹೆಣ್ಣು ಸತ್ತರೆ ತವರಿನವರು ಹೊದಿಸುವ ಸೀರೆ.

“ಮನೆ ಇಲ್ಲ ಅಂದ್ರೆ ಊರಿಲ್ವೇನೇ ಅವ್ಳಿಗೆ? ನೆನ್ನೆಲ್ಲ ಓಡಾಡಿ ಒಳ್ಳೇ ಸೀರೆನೇ ತಂದೀವಿ. ಉಚ್ಚಂಗಿ ಎಲ್ಲೇ, ಮಣ್ಣು ಮಾಡ್ಬಿಟ್ರಾ?”

 ಸತ್ತಿದ್ದಾರೆ ಅಂತ ಯಾರು ಹೇಳಿದರು ಅಂತ ಕೇಳಿದರೆ ಅಣ್ಣ ರೇಗಿದ.

“ಆ ಸುಣ್ಣ ಅತ್ತೇದೇ, ನನ್ನ ಕೈಗೆ ಕುಂಚಾನೇ ಕೊಡಲ್ಲ ಅಂತ ಬಂದಾಗೆಲ್ಲ ಗೋಳಾಡ್ದೋಳು ನೀನೇ ಅಲ್ವೇನೇ? ಸುಣ್ಣ ಇಲ್ಲ ಅಂದ್ರೆ ಏನನ್ಕಳಾದು? ನಿಮ್ಮಿಬ್ರ ಫೋನೂ ಸತ್ತಿತ್ತು. ಗ್ಯಾರಂಟಿ ಅನ್ಕಂಡ್ವಿ.”

ಹೇಗಿದ್ದೀ ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ. ಎಲ್ಲ ಬಂದಿದ್ದು ಅವರಿಗೆ. ಒಂದು ಗಳಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಾನು ಮನೆಗೆ ಓಡಿದೆ, ಎಡವಿ ಬೀಳುವಷ್ಟು ಓಡಿದೆ.

“ಅವ್ವಾ, ಏಳ್ರಿ! ನಿಮ್ಮೋರು ಬಂದವ್ರೆ!”

“ನಿನ್ನೋರು,” ಅಂದರು ಗೋಡೆಯ ಕಡೆಗೇ.

“ಅಲ್ಲ, ನಿಮ್ಮೋರು. ಸೀರೆ ತಂದವ್ರೆ.”

ಆ ಮಾತಿಗೆ ತಿರುಗಿದರು. ಬಾಗಿಲಲ್ಲಿ ಭಾಗಜ್ಜಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬದುಕಿದೀಯೇನೇ ಬಿಕನಾಸಿ ಅಂತ ಭಾಗಜ್ಜಿ ಕೂಗಿದ್ದು, ಅವ್ವ ಎರಡೂ ಕೈ ಚಾಚಿದ್ದು, ಆಮೇಲೆ ಇಬ್ಬರೂ ಅತ್ತಿದ್ದು, ನಕ್ಕಿದ್ದು. ನನಗೆ ಬರೆಯಲು ಆಗುತ್ತಿಲ್ಲ.

ಹೊರಗೆ ಇನ್ನೊಂದು ಆಟ ನಡೆದಿತ್ತು. ಹೆಣ್ಣು ಬದುಕಿದ್ದಾಳೆ, ಸರಿ, ಹಾಗಾದರೆ ಕಂಬ ಎಲ್ಲಿ ಅಂತ ಅಂಗಳದ ತುಂಬ ನಿಂತು ಕೇಳಿದರು. ಸತ್ತ ಮನೆಗೆಂದು ಬಂದ ಜನಕ್ಕೆ ಸಿಟ್ಟು ಬಂದರೆ ಕೇಳಬೇಕೇ. ಗಂಗಾಧರಯ್ಯ ಮನೆಯಲ್ಲಿಲ್ಲ ಅಂತ ಹೇಳಿಸಿದರು. ನಾನೇ ಹೋಗಿ ಹಿತ್ತಲಿನಿಂದ ಕರೆದುಕೊಂಡು ಬಂದೆ, ಕೈಗೆ ಚೊಂಬು ಕೊಟ್ಟು. ಒಬ್ಬೊಬ್ಬರ ಕಾಲಿಗೂ ನೀರು ಹಾಕುತ್ತಾ ಹೋದರು. ನೀರು ಸಾಲದೆ ಮತ್ತೆ ಮತ್ತೆ ನಾನೇ ಕೊಡದಲ್ಲಿ ತಂದು ಸುರಿದೆ. ಕೊನೆಗೆ ಅವರೇ ಬಾಯಿಬಿಟ್ಟರು.

“ಕ್ರೇನು ಸ್ವಲ್ಪ ಈಚೆ ನಿಲ್ಸಿದ್ರೂ ಆಯ್ತದೆ ಅಂತ ಆವತ್ತೇ ಅಂದಿದ್ರು ಇಂಜಿನಿಯರು. ನಂದೇ ತಪ್ಪಾಯ್ತು ಕಣ್ರಪ್ಪ.”

ಮೊದಲು ಹೇಳುವ ಮನಸ್ಸೇ ಇರಲಿಲ್ಲ ನೋಡಿ! ನಮ್ಮಣ್ಣ ಮತ್ತು ಊರ ಗಂಡಸರು ಮಧ್ಯಾಹ್ನವೇ ಗುಡ್ಡಕ್ಕೆ ಹತ್ತಿದರು. ಸಿಮೆಂಟು ಗಂಗಾಧರಯ್ಯನದು. ಚಿಕ್ಕಪ್ಪನ ಎದುರು ಎಂದೂ ತಲೆ ಎತ್ತದ ನಮ್ಮ ಮನೆಯವರು ಎಲ್ಲರಿಗಿಂತ ಮುಂದೆ ಕಲ್ಲು ಹೊರುತ್ತಿದ್ದರು. ಆ ಚುಕ್ಕಿಯ ಮೇಲೆಯೇ, ಹಳೆಯ ಕಲ್ಲಿನಿಂದಲೇ ಕಂಬ ಎದ್ದಿತು.

೩ ಏಪ್ರಿಲ್, ಗುರುವಾರ

ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ ಅವ್ವನನ್ನು ಗುಡ್ಡ ಹತ್ತಿಸಿದೆವು. ಹೊತ್ತವರು ಇವರು, ಈರಕ್ಕನ ಗಂಡ, ಇನ್ನಿಬ್ಬರು. ದಾರಿಯುದ್ದಕ್ಕೂ ಆ ಕಡೆ ವಾಲಿದಿರಿ, ಈ ಕಡೆ ವಾಲಿದಿರಿ ಅಂತ ಬೈಯುತ್ತಲೇ ಬಂದರು. ಉಟ್ಟಿದ್ದು ಆ ಸೀರೆ. ಅಶುಭ, ಬೇಡ ಅಂತ ಊರೆಲ್ಲ ಹೇಳಿತು. ನನ್ನ ತವರಿನ ಸೀರೆ ನಾನು ಉಡುತ್ತೇನೆ, ಅಶುಭ ಆದರೆ ನಿಮಗೇ ಆಗಲಿ ಅಂದರು.

ಹಬ್ಬ ಕಳೆದ ಮೇಲೆ ಸುಣ್ಣ ಬಳಿಯಬಾರದು ಅಂತಲೂ ಯಾರೋ ಅಂದರು. ಅದನ್ನೂ ಕೇಳಲಿಲ್ಲ. ಕುರ್ಚಿಯಲ್ಲಿ ಕೂತೇ, ಕೈ ಎಟುಕುವವರೆಗೆ ಬಳಿದರು. ಆಮೇಲೆ ಕುಂಚವನ್ನು ನನ್ನ ಕಡೆ ಚಾಚಿದರು.

“ತಗಳೇ. ನಿಂದಿನ್ನ.”

“ನಿಮ್ಮತ್ರನೇ ಇರ್ಲಿ ಅವ್ವ,” ಅಂದೆ. “ಮೇಲ್ಗಡೆ ಬಳ್ದು ವಾಪಸ್ ಕೊಡ್ತೀನಿ.”

ಹಾಗೇ ಮಾಡಿದೆ. ಇಳಿಯುವ ಬಿಸಿಲಿಗೆ ಕಂಬ ಕಣ್ಣು ಕುಕ್ಕುವ ಹಾಗೆ ಹೊಳೆಯಿತು. ಅವ್ವ ಸೀರೆಯ ಮೇಲೆ ಬಿದ್ದ ಸುಣ್ಣದ ಹನಿಯನ್ನು ಉಗುರಿನಿಂದ ಕೆರೆಯುತ್ತಾ ಬಹಳ ಹೊತ್ತು ತವರಿನ ಗುಡ್ಡವನ್ನೇ ನೋಡಿದರು.

“ಮೀನಾಕ್ಷಿ, ಇದು ಉಟ್ಟು ಹಳೇದಾಯ್ತು. ನಾನು ಸತ್ತಾಗ ಇನ್ನೊಂದು ತರ್ಬೇಕು ಅಂತ ನಿಮ್ಮಣ್ಣಂಗೆ ಹೇಳ್ಬಿಡು.”

ಮನೆಗೆ ಬಂದವಳೇ ರಾಗಿ ಡಬ್ಬದಿಂದ ಫೋನು ತೆಗೆದು ಅಣ್ಣನಿಗೆ ಹೇಳಿದೆ.